ನಕ್ಷತ್ರದ ಹಡಗು ಮಾಡಿದ್ದು ನಾನು

ಬಸ್ಸಿನ ತಲೆಯ ಮೇಲೆ ನನ್ನ ಹಡಗನ್ನಿಟ್ಟು ಹಗ್ಗ ಬಿಗಿಯುತ್ತಿದ್ದರು. ನಾನು ಹಿಂದಿನ ಏಣಿ ಹತ್ತಿ ಅದರ ಬಾಲವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ತಗಡಿನ ಅಂಚು ಅಂಗೈ ಕೊಯ್ಯಿತು. ಬಿಡಲಿಲ್ಲ.

“ಇಳಿಯಪ್ಪಾ ಕೆಳಕ್ಕೆ, ಟೈಮಾಯ್ತು!” ಅಂತ ಕಂಡಕ್ಟರು ಕೂಗಿದ.

ಅವನ ಪಕ್ಕದಲ್ಲಿ ಬಿಳೀ ಪಂಚೆ, ಕರೀ ಕೋಟು ಹಾಕಿಕೊಂಡು ಚಿಕ್ಕಬಳ್ಳಾಪುರದ ಪ್ರೆಸ್ಸಿನ ಯಜಮಾನರು ನಿಂತಿದ್ದರು. ತಿಂಗಳಿಗೊಂದು ಕಥೆ ಪುಸ್ತಕ ಬರೆದು, ತಮ್ಮ ಪ್ರೆಸ್ಸಿನಲ್ಲೇ ಅಚ್ಚು ಹಾಕಿ ಮಾರುತ್ತಿದ್ದವರು ಅವರೇ. ನಕ್ಷತ್ರದಿಂದ ನಕ್ಷತ್ರಕ್ಕೆ ಓಡಾಡುವ ಒಂದು ಹಡಗಿನ ಕಥೆ.

“ಕೈ ತೆಗಿಯೋ. ಅದು ನನ್ನ ಹಡಗು,” ಅಂದರು.

“ಹೆಂಗೆ ಸ್ವಾಮಿ ನಿಮ್ದಾಯ್ತು? ಕುಟ್ಟಿದ್ದು ನಾನು.”

“ಕಥೆ ಯಾರದ್ದು?”

“ಕಥೆ ನಿಮ್ದು. ಕಥೆ ತಗೊಂಡೋಗಿ. ಹಡಗು ಇಳಿಸಿ.”

ಶಿಡ್ಲಘಟ್ಟದ ಬಸ್ ಸ್ಟಾಂಡಿನಲ್ಲಿ ರೇಷ್ಮೆ ಗೂಡಿನ ಮೂಟೆ ಇಟ್ಟುಕೊಂಡು ಕೂತಿದ್ದವರೆಲ್ಲ ನಕ್ಕರು. ಅಷ್ಟರಲ್ಲಿ ನಮ್ಮ ಮಾವ ಬಂದ. ನಮ್ಮಮ್ಮನ ಅಣ್ಣ, ನಾನು ಕೆಲಸ ಮಾಡುತ್ತಿದ್ದ ತಗಡಿನ ಅಂಗಡಿಯ ಯಜಮಾನ. ನನ್ನ ಕಡೆ ನಿಲ್ಲುತ್ತಾನೆ ಅಂದುಕೊಂಡೆ. ಬಂದವನೇ ನನ್ನ ಕಾಲು ಹಿಡಿದು ಎಳೆದ.

“ನಾನೇ ಕೊಟ್ಟಿದ್ದು ಕಣೋ! ತಗಡು ನಂದು, ಬೆಸುಗೆ ನಂದು, ಇದ್ದಲು ನಂದು. ನಿಂದೇನೈತೆ ಅದ್ರಲ್ಲಿ? ಇಳಿ, ಮಾನ ಕಳೀಬೇಡ.”

ಕೆಳಕ್ಕೆ ಬಿದ್ದೆ. ಬಸ್ಸು ಹೊರಟಿತು. ಹಡಗಿನ ಬಾಲ ಬಿಸಿಲಿಗೆ ಹೊಳೆಯುತ್ತಾ ತಿರುವಿನವರೆಗೂ ಕಾಣಿಸಿತು. ಈ ಮನುಷ್ಯನ ಕೈಯಲ್ಲಿ ಅದು ಉಳಿಯಬಾರದು ಅಂತ ಅಲ್ಲೇ, ಮಣ್ಣಿನಲ್ಲಿ ಕೂತುಕೊಂಡೇ ತೀರ್ಮಾನ ಮಾಡಿದೆ. ಹೇಗೆ ಅನ್ನುವುದು ಮಾತ್ರ ಗೊತ್ತಿರಲಿಲ್ಲ.

ನಾನು ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟವನು. ಸೀಮೆಎಣ್ಣೆ ಡಬ್ಬ ಕತ್ತರಿಸಿ ಲಾಳಿಕೆ, ಬುಡ್ಡಿ ದೀಪ, ಸೇರು, ಪಾವು ಮಾಡುವುದು ನನ್ನ ಕೆಲಸ. ಅಕ್ಷರ ಕೂಡಿಸಿ ಓದುವಷ್ಟರಲ್ಲಿ ನನಗೆ ನಿದ್ದೆ ಬರುತ್ತೆ. ಆದ್ದರಿಂದ ಆ ಪುಸ್ತಕ ಓದುತ್ತಿದ್ದವನು ನನ್ನ ಸ್ನೇಹಿತ. ಅವನು ಪಕ್ಕದ ಬೀದಿಯಲ್ಲಿ ರೇಷ್ಮೆ ನೂಲು ತೆಗೆಯುವ ಚರಕದ ಮನೆಯಲ್ಲಿದ್ದ. ಮಧ್ಯಾಹ್ನ ಊಟ ಮುಗಿಸಿ ನಮ್ಮ ಅಂಗಡಿಗೆ ಬಂದು, ಬೆಂದ ಗೂಡಿನ ವಾಸನೆ ಹೊಡೆಯುವ ಕೈಯಲ್ಲೇ ಪುಸ್ತಕ ಹಿಡಿದು ಗಟ್ಟಿಯಾಗಿ ಓದುತ್ತಿದ್ದ. ನಾವು ನಾಲ್ಕೈದು ಜನ ಕೂತು ಕೇಳುತ್ತಿದ್ದೆವು.

ಕಥೆ ಚೆನ್ನಾಗಿತ್ತು. ಅದನ್ನು ಇಲ್ಲ ಅನ್ನುವುದಿಲ್ಲ. ಆಗ ರಷ್ಯಾದವರು, ಅಮೆರಿಕಾದವರು ಆಕಾಶಕ್ಕೆ ಮನುಷ್ಯರನ್ನು ಬಿಡುತ್ತಿದ್ದ ಕಾಲ. ಹೋಟೆಲಿನ ರೇಡಿಯೋ ಮುಂದೆ ಎಲ್ಲರೂ ಅದೇ ಮಾತು. ಆದರೆ ಯಜಮಾನರ ಪುಸ್ತಕದಲ್ಲಿ ಹಡಗು ಹೇಗಿದೆ ಅನ್ನುವುದೇ ಇರಲಿಲ್ಲ. ಬೆಳ್ಳಿಯ ಹಾಗೆ ಹೊಳೆಯಿತು, ಬಾಣದ ಹಾಗೆ ಹೋಯಿತು, ಅಷ್ಟೇ. ಒಂದು ಕಡೆ ಬಾಲದ ಮೇಲೆ ನಿಲ್ಲುತ್ತಿತ್ತು, ಇನ್ನೊಂದು ಕಡೆ ಹೊಟ್ಟೆಯ ಮೇಲೆ ಕೂರುತ್ತಿತ್ತು. ರಟ್ಟಿನ ಮೇಲೆ ಪ್ರೆಸ್ಸಿನಲ್ಲಿ ಯಾವ ಚಿತ್ರದ ಬ್ಲಾಕು ಬಿದ್ದಿತ್ತೋ ಅದನ್ನೇ ಹಾಕುತ್ತಿದ್ದರು. ಒಂದು ತಿಂಗಳು ವಿಮಾನ, ಒಂದು ತಿಂಗಳು ಸ್ಟೀಮರು. ಒಂದು ಸಲವಂತೂ ರೈಲು.

“ಬರೆದೋರಿಗೇ ಗೊತ್ತಿಲ್ಲ ಕಣೋ ಹಡಗು ಹೆಂಗೈತೆ ಅಂತ,” ಅಂದ ಸ್ನೇಹಿತ.

“ನಾನು ಮಾಡಿ ತೋರಿಸ್ತೀನಿ ಬುಡು,” ಅಂದೆ.

ಮಾಡಿದೆ. ಆಕಾರಕ್ಕಾಗಿ ದೂರ ಹೋಗಲಿಲ್ಲ. ಅವನ ಚರಕದ ಮನೆಯಿಂದ ಒಂದು ರೇಷ್ಮೆ ಗೂಡು ತಂದು ಎದುರಿಗೆ ಇಟ್ಟುಕೊಂಡೆ. ಎರಡೂ ತುದಿ ಚೂಪು, ನಡುವೆ ಉಬ್ಬು. ಒಳಗೆ ಹುಳ ಬಾಗಿಲು ಕಿಟಕಿ ಏನೂ ಇಲ್ಲದೆ ಮುಚ್ಚಿಕೊಂಡು ಕೂತಿರುತ್ತೆ. ಊಟ ಇಲ್ಲ, ನೀರಿಲ್ಲ. ಕಾಲ ಬಂದಾಗ ರೆಕ್ಕೆ ಕಟ್ಟಿಕೊಂಡು ಈಚೆ ಬರುತ್ತೆ. ನಕ್ಷತ್ರಕ್ಕೆ ಹೋಗುವವರು ಇರಬೇಕಾದದ್ದೂ ಹಾಗೇ ಅಲ್ಲವಾ?

ಬಾಲಕ್ಕೆ ಚಂದ್ರಿಕೆ ನೋಡಿದೆ, ನಮ್ಮ ಜನ ಚಂದ್ರಂಕಿ ಅನ್ನುವುದು. ಹಣ್ಣಾದ ಹುಳವನ್ನು ಗೂಡು ಕಟ್ಟಲು ಬಿಡುವ ದೊಡ್ಡ ಬಿದಿರಿನ ತಟ್ಟೆ. ಅದರ ಮೇಲೆ ಬಿದಿರಿನ ಪಟ್ಟಿಯನ್ನು ನಡುವಿನಿಂದ ಅಂಚಿನವರೆಗೆ ಸುತ್ತು ಸುತ್ತಾಗಿ ನಿಲ್ಲಿಸಿರುತ್ತಾರೆ. ನಮ್ಮ ಕಡೆ ಹುಳ ಸಾಕುವ ಮನೆಯಲ್ಲೆಲ್ಲ ಇರುತ್ತೆ. ಬೆಂಕಿ ನಡುವೆ ಹುಟ್ಟಿ ಆ ಸುತ್ತಿನಲ್ಲೇ ಓಡಿ ಅಂಚಿನಿಂದ ಹೊರಗೆ ಬಂದರೆ ಹಡಗು ತಿರುಗುತ್ತೆ, ಮುಂದಕ್ಕೂ ಹೋಗುತ್ತೆ. ನನ್ನ ಲೆಕ್ಕ ಅದು. ಸರಿಯೋ ತಪ್ಪೋ ನಕ್ಷತ್ರಕ್ಕೆ ಹೋದವರನ್ನು ಕೇಳಿ.

ಬೇಸಿಗೆಯೆಲ್ಲ ಕುಟ್ಟಿದೆ. ಅಂಗಡಿಯ ಕೆಲಸ ಮುಗಿಸಿ, ಉಳಿದ ತಗಡಿನಲ್ಲಿ. ಕೊನೆಗೆ ಇಬ್ಬರು ಎತ್ತುವಷ್ಟು ದೊಡ್ಡದಾಯಿತು. ಬೆನ್ನಿನ ಮೇಲೆ ಒಂದು ಬಾಯಿ, ಹಡಗು ನಡೆಸುವವನು ಕೂರುವುದಕ್ಕೆ. ಅಂಗಡಿಯ ಮುಂದೆ ಇಟ್ಟೆವು. ಮಾರ್ಕೆಟ್ಟಿಗೆ ಬಂದವರೆಲ್ಲ ನಿಂತು ನೋಡಿ ಹೋದರು. ಪುಸ್ತಕ ಓದದವರೂ ನೋಡಿದರು.

ಸ್ನೇಹಿತ ಸುಮ್ಮನಿರದೆ ಯಜಮಾನರಿಗೆ ಕಾರ್ಡು ಹಾಕಿದ. ಅವರು ಬಂದರು. ಹಡಗಿನ ಸುತ್ತ ಸುತ್ತಿದರು, ಬಾಲ ತಿರುಗಿಸಿದರು, ಕನ್ನಡಕ ತೆಗೆದು ಒರೆಸಿಕೊಂಡರು.

“ಬರೆಯೋವಾಗ ನನ್ನ ಕಣ್ಣಿಗೆ ಕಾಣ್ತಾ ಇದ್ದದ್ದು ಇದೇ ಕಣಯ್ಯಾ! ಇದೇ!” ಅಂದರು.

ನನಗೆ ಎಷ್ಟು ಖುಷಿಯಾಯಿತು ಅಂದರೆ ಓಡಿಹೋಗಿ ಅವರಿಗೆ ಟೀ ತಂದುಕೊಟ್ಟೆ. ಆ ಟೀ ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತೆ. ಜೊತೆಯಲ್ಲಿ ಕರೆದುಕೊಂಡು ಬಂದಿದ್ದವನಿಂದ ಫೋಟೋ ತೆಗೆಸಿದರು. ಬಾಲದ ಪಕ್ಕದಲ್ಲಿ ನಾನು ನಿಂತುಕೊಂಡೆ. “ನೀನು ಸ್ವಲ್ಪ ಆ ಕಡೆ ಹೋಗಪ್ಪ, ಬೆಳಕಿಗೆ ಅಡ್ಡ ಬರ್ತೀಯ,” ಅಂದರು. ಹೋದೆ.

ಮುಂದಿನ ತಿಂಗಳ ಪುಸ್ತಕದ ರಟ್ಟಿನ ಮೇಲೆ ನನ್ನ ಹಡಗು ಇತ್ತು. ಸ್ನೇಹಿತ ಬೀದಿಯ ಆ ತುದಿಯಿಂದಲೇ ಎತ್ತಿ ತೋರಿಸುತ್ತಾ ಓಡಿ ಬಂದ. ಬಂದವನ ಮುಖ ಮಾತ್ರ ಸರಿಯಿರಲಿಲ್ಲ. ಒಳಗಡೆ ಸಣ್ಣ ಅಕ್ಷರದಲ್ಲಿ ಏನೋ ಇತ್ತು.

“ಓದು,” ಅಂದೆ.

“‘ಈ ಹಡಗಿನ ಆಕಾರವು ಗ್ರಂಥಕರ್ತರ ಸ್ವಂತ ಕಲ್ಪನೆ. ಇದನ್ನು ಯಾರೂ ಬರೆಯಕೂಡದು, ಯಾವ ವಸ್ತುವಿನಿಂದಲೂ ತಯಾರಿಸಕೂಡದು.’”

“ಇನ್ನೊಂದ್ಸಲ ಓದು.”

ಓದಿದ. ಅದೇ ಇತ್ತು.

ಕೇಳೋಣ ಅಂತ ನಾನು ಹೊರಡುವುದರೊಳಗೆ ಅವರೇ ಬಂದು ಹಡಗು ಎತ್ತಿಕೊಂಡು ಹೋದರು. ಆ ಕಥೆಯನ್ನು ಗೌರಿಬಿದನೂರಿನಲ್ಲಿ ನಾಟಕ ಆಡಿಸುವವರಿದ್ದರು. ಹಡಗು ಸ್ಟೇಜಿನ ಮೇಲೆ ಬೇಕಿತ್ತು. ನಾಟಕದ ದೀಪಗಳ ತಗಡಿನ ಕೆಲಸವೆಲ್ಲ ನಿಮಗೇ ಅಂತ ಮಾವನಿಗೆ ಆಸೆ ತೋರಿಸಿದ್ದರು. ಮಾವ ತಲೆ ಆಡಿಸಿಬಿಟ್ಟಿದ್ದ. ಬಸ್ ಸ್ಟಾಂಡಿನಲ್ಲಿ ಆದದ್ದನ್ನು ಹೇಳಿದೆನಲ್ಲ.

ಮಾರನೆಯ ವಾರ ಚಿಕ್ಕಬಳ್ಳಾಪುರಕ್ಕೆ ಹೋದೆ. ಪ್ರೆಸ್ಸಿನ ಮುಂದಿನ ಕೋಣೆಯಲ್ಲಿ ಹಡಗನ್ನು ಮೇಜಿನ ಮೇಲೆ ಇಟ್ಟಿದ್ದರು. ಜನ ಬಂದು ನೋಡುತ್ತಿದ್ದರು. ಯಜಮಾನರು ಪ್ರೂಫು ತಿದ್ದುತ್ತಾ ತಲೆ ಎತ್ತದೆ, “ಏನು ಬಂದೆ?” ಅಂದರು.

“ಹಡಗು ಬೇಕಾದ್ರೆ ಇಟ್ಕೊಳ್ಳಿ ಸ್ವಾಮಿ. ಪುಸ್ತಕದಲ್ಲಿ ಒಂದು ಲೈನು ಹಾಕಿ. ಶಿಡ್ಲಘಟ್ಟದ ತಗಡಿನ ಕೆಲಸದೋನು ಮಾಡಿದ್ದು ಅಂತ. ಹೆಸರು ಬ್ಯಾಡ. ಅಷ್ಟೇ ಸಾಕು.”

“ನನ್ನ ಕಥೆ ಇಲ್ದೇ ಇದ್ರೆ ನೀನೇನು ಮಾಡ್ತಿದ್ದೆ? ಲಾಳಿಕೆ.”

“ನನ್ನ ಹಡಗು ಇಲ್ದೇ ಇದ್ರೆ ನಿಮ್ಮ ಕಥೇಲಿರೋರು ಯಾವುದ್ರಲ್ಲಿ ಹೋಗೋರು? ರೈಲಲ್ಲಿ.”

ಒಳಗೆ ಅಚ್ಚಿನ ಮೊಳೆ ಜೋಡಿಸುತ್ತಿದ್ದವನು ಕಿಸಕ್ಕನೆ ನಕ್ಕ. ಯಜಮಾನರು ಆಗ ತಲೆ ಎತ್ತಿದರು.

“ನೋಡಯ್ಯಾ. ನಾನು ಹಡಗು ಅಂತ ಬರೆದೆ. ಆಮೇಲೆ ನೀನು ಮಾಡಿದೆ. ಬೀಜ ನಂದು ಅಂದ್ಮೇಲೆ ಗಿಡಾನೂ ನಂದೇ. ಇನ್ನೊಂದು ಹೇಳ್ತೀನಿ, ಬೇಜಾರು ಮಾಡ್ಕೋಬೇಡ. ಡಬ್ಬಾ ಬಡಿಯೋನು ನಕ್ಷತ್ರದ ಹಡಗು ಮಾಡಿದ ಅಂತ ಅಚ್ಚು ಹಾಕಿದ್ರೆ ಓದೋರು ನಗ್ತಾರೆ. ಕಥೆ ಬಿದ್ದೋಗತ್ತೆ.”

ಎದ್ದು ಬಂದೆ. ಅವರು ಬೈದಿದ್ದರೆ ಬೈದು ಬರುತ್ತಿದ್ದೆ. ಅವರು ಬೈಯಲಿಲ್ಲ. ಮಗುವಿಗೆ ಬುದ್ಧಿ ಹೇಳುವ ಹಾಗೆ ಹೇಳಿದರು.

“ಪ್ರೆಸ್ಸಿಗೆ ನುಗ್ಗಿ ಹಡಗು ಒಡೆದಾಕಣ ನಡಿ,” ಅಂದ ಸ್ನೇಹಿತ.

“ಒಡೆದ್ರೆ ಪೊಲೀಸು. ಅದೂ ಅಲ್ದೆ ಎಲ್ರೂ ಅಯ್ಯೋ ಪಾಪ ಅಂತಾರೆ ಆಯಪ್ಪನ್ನ. ಪಾಪ ಅನ್ನಿಸಿಕೊಳ್ಳೋಕೂ ಬಿಡಬಾರ್ದು.”

ಅವರ ಕೈಯಿಂದಲೇ ಹೋಗಬೇಕು, ಎಲ್ಲರ ಎದುರಿಗೇ ಹೋಗಬೇಕು, ಯಾರನ್ನೂ ದೂರಲಾಗಬಾರದು. ನನಗೆ ಬೇಕಾಗಿದ್ದದ್ದು ಅದು. ಮಳೆಗಾಲ ಶುರುವಾದರೂ ದಾರಿ ಹೊಳೆಯಲಿಲ್ಲ. ದಿನಾ ಲಾಳಿಕೆ ಬಡಿಯುತ್ತಾ ಅದನ್ನೇ ಯೋಚನೆ ಮಾಡುತ್ತಿದ್ದೆ. ಒಂದೆರಡು ಲಾಳಿಕೆಗೆ ತೂತೇ ಬಿಡಲಿಲ್ಲ. ಮಾವನಿಂದ ಬೈಸಿಕೊಂಡೆ.

ಗಣೇಶನ ಹಬ್ಬ ಹತ್ತಿರ ಬಂದಾಗ ಪೆರೇಸಂದ್ರದ ಕುಂಬಾರ ತಾತ ಅಂಗಡಿಗೆ ಬಂದ. ಅವನು ಮಾಡುವ ದೊಡ್ಡ ಗಣೇಶಗಳಿಗೆ ತಗಡಿನ ಕಿರೀಟ ನಾವೇ ಮಾಡಿಕೊಡುತ್ತಿದ್ದೆವು. ಮನೆಯಲ್ಲಿ ತೆಲುಗು, ನಮ್ಮ ಜೊತೆ ಎರಡೂ ಬೆರೆಸಿ ಮಾತಾಡುವವನು.

“ಕಿರೀಟದ ಒಳಗಡೆ ನುಣ್ಣಗೆ ಮಾಡು ನಾಯನಾ. ಹೋದ ಸರ್ತಿ ಒಳಗೆ ತಗಡು ಮಡಚಿಕೊಂಡಿತ್ತು. ಹಸಿ ಮಣ್ಣು ಅದನ್ನ ಹಿಡ್ಕೊಂಡು ಒಣಗಿಬಿಡ್ತು. ಕಿರೀಟ ತೆಗಿಯೋಕೆ ಹೋದ್ರೆ ತಲೇನೇ ಬಂತು. ಮಣ್ಣು ತಗಡನ್ನ ಹಿಡಿದ್ರೆ ಬಿಡಲ್ಲಪ್ಪ.”

ಕೈಯಲ್ಲಿದ್ದ ಕತ್ತರಿ ಕೆಳಗೆ ಇಟ್ಟೆ.

“ತಾತ, ಚಿಕ್ಕಬಳ್ಳಾಪುರದಲ್ಲಿ ಪ್ರೆಸ್ಸಿನ ಬೀದಿ ಗಣೇಶ ಯಾರು ಮಾಡೋದು?”

“ನಾನೇ. ಯಾಕೆ?”

“ಸುಮ್ನೆ ಕೇಳ್ದೆ.”

ಮಾರನೆಯ ದಿನವೇ ಪ್ರೆಸ್ಸಿಗೆ ಹೋಗಿ ಯಜಮಾನರ ಮುಂದೆ ಕೈಮುಗಿದೆ. ತಿಳಿಯದೆ ಮಾತಾಡಿದೆ ಅಂದೆ. ಬಸ್ಸಿನ ಮೇಲೆ ಹೊಡೆತ ತಿಂದು ಹಡಗು ನೆಗ್ಗಿಹೋಗಿದೆ, ನಾಟಕದ ಹೊತ್ತಿಗೆ ಸರಿಮಾಡಿ ಕೊಡುತ್ತೇನೆ ಅಂದೆ. ಅವರು ಬಹಳ ಸಂತೋಷಪಟ್ಟರು. ಈಗ ಬುದ್ಧಿ ಬಂತು ನೋಡು ಅಂದರು. ಹಿತ್ತಲಲ್ಲಿ ಕೂತು ಕೆಲಸ ಶುರುಮಾಡಿದೆ.

ಬೀದಿಯ ಹುಡುಗರು ಗಣೇಶನ ಚಂದಾ ಕೇಳಿಕೊಂಡು ಬರುವುದನ್ನೇ ಕಾಯುತ್ತಿದ್ದೆ. ಅವರು ಬಂದಾಗ ಸುತ್ತಿಗೆ ನಿಲ್ಲಿಸಿದೆ.

“ಈ ಸಲ ಏನಪ್ಪ ಮಂಟಪ?” ಅಂತ ಯಜಮಾನರು ಕೇಳಿದರು.

“ಹೋದ ವರ್ಷದ್ದೇ. ಬೆಟ್ಟ, ಹತ್ತಿ, ಕನ್ನಡಿ.”

ನಾನು ನೆಲ ನೋಡುತ್ತಾ, ನನ್ನಷ್ಟಕ್ಕೆ ನಾನೇ ಅನ್ನುವ ಹಾಗೆ, “ಗಣೇಶಪ್ಪನೇ ಹಡಗಲ್ಲಿ ಕೂತ್ಕೊಂಡು ಹೋದ್ರೆ ಹೆಂಗಿರ್ತದೋ,” ಅಂದೆ.

ಯಾರೂ ನನ್ನ ಕಡೆ ನೋಡಲಿಲ್ಲ. ಯಜಮಾನರು ದುಡ್ಡು ಎಣಿಸಿ ಕೊಟ್ಟರು. ಹುಡುಗರು ಚಂದಾ ತೆಗೆದುಕೊಂಡು ಬಾಗಿಲು ದಾಟುವಾಗ ಅವರನ್ನು ವಾಪಸ್ಸು ಕರೆದರು.

“ನಿಲ್ರೋ. ನನಗೊಂದು ಕಲ್ಪನೆ ಬಂದಿದೆ.”

ಅದೂ ಅವರ ಕಲ್ಪನೆಯೇ ಆಯಿತು. ಅವರು ಕದಿಯದೆ ಹೋಗಿದ್ದರೆ ನನ್ನ ಆಟ ಅಲ್ಲಿಗೇ ನಿಂತುಹೋಗುತ್ತಿತ್ತು. ಆದರೆ ಅವರು ಕದಿಯುತ್ತಾರೆ ಅಂತ ನನಗೆ ಗೊತ್ತಿತ್ತು. ನಕ್ಷತ್ರ ನೌಕೆಯಲ್ಲಿ ಗಣೇಶ ಅಂತ ಅಂದೇ ಹ್ಯಾಂಡ್‌ಬಿಲ್ಲು ಹಾಕಿಸಿದರು. ಅದರ ಹಿಂದೆ ನಾಟಕದ ಜಾಹೀರಾತು. ಇದೇ ನೌಕೆಯನ್ನು ಗೌರಿಬಿದನೂರಿನ ರಂಗದ ಮೇಲೆ ಕಣ್ಣಾರೆ ನೋಡಿರಿ ಅಂತ.

ನಾನು ನೆಗ್ಗಿದ ಕಡೆ ಬಡಿದು ಸರಿಮಾಡಿದೆ. ಬೆನ್ನಿನ ಬಾಯಿ ಇನ್ನಷ್ಟು ಅಗಲ ಮಾಡಿದೆ. ಒಳಗೆ ಕೈ ಹಾಕಿ ಹೊಟ್ಟೆಯ ತುಂಬ ತಗಡಿನ ಕೊಕ್ಕೆ ಬೆಸೆದೆ. ಬಾಯಿ ಕೆಳಗೆ ಮಾಡಿದ ಕೊಕ್ಕೆ, ಪಕ್ಕಕ್ಕೆ ಬಗ್ಗಿದ ಕೊಕ್ಕೆ, ಒಂದರೊಳಗೊಂದು ಸಿಕ್ಕಿದ ಕೊಕ್ಕೆ. ಹೊರಗಿನಿಂದ ನೋಡಿದರೆ ಏನೂ ಕಾಣದು.

ಅಷ್ಟು ದೊಡ್ಡ ಗಣೇಶನನ್ನು ಒಣಗಿಸಿ ತಂದು ಆ ಬಾಯಿಯೊಳಗೆ ಇಳಿಸಲು ಆಗುವುದಿಲ್ಲ. ಕುಂಬಾರ ತಾತ ಹಸಿ ಮಣ್ಣು ತಂದು ಹಡಗಿನೊಳಗೇ ಪೀಠ ತುಂಬಿ, ಅದರ ಮೇಲೆ ಮೂರ್ತಿ ಏಳಿಸಬೇಕಾಯಿತು. ಒಳಗೆ ಕೈ ಇಟ್ಟವನು ಮುಖ ಸಿಂಡರಿಸಿದ.

“ಏಂದಪ್ಪಾ ಇದಿ? ಇಷ್ಟೊಂದು ಕೊಕ್ಕೆ?”

“ಗಟ್ಟಿಯಾಗಿ ಕೂರ್ಲಿ ಅಂತ ತಾತ.”

“ಕೂತ್ರೆ ಮತ್ತೆ ಏಳಲ್ಲ.”

“ಏಳಬಾರ್ದು.”

ತಾತ ನನ್ನ ಮುಖ ನೋಡಿದ, ಒಳಗಿದ್ದ ಯಜಮಾನರ ಕಡೆ ನೋಡಿದ. ಅವನಿಗೆ ಏನು ಅರ್ಥವಾಯಿತೋ. “ನನ್ನ ಕೆಲಸ ನಾನು ಮಾಡ್ತೀನಿ,” ಅಂತ ಹೇಳಿ ಮಣ್ಣು ಅದುಮತೊಡಗಿದ. ಚೆನ್ನಾಗಿಯೇ ಅದುಮಿದ.

ಹಬ್ಬಕ್ಕೆ ಜನ ನುಗ್ಗಿಬಂದರು. ಸುತ್ತಲ ಹಳ್ಳಿಯವರೆಲ್ಲ ಬಂದರು. ಯಜಮಾನರು ಬೆತ್ತ ಹಿಡಿದು ಹಡಗಿನ ಒಂದೊಂದು ಭಾಗವನ್ನೂ ತೋರಿಸಿ ಹೇಳುತ್ತಿದ್ದರು. ನಾನು ಕಂಬದ ಪಕ್ಕ ನಿಂತು ಕೇಳುತ್ತಿದ್ದೆ.

“ಇದು ಅಗ್ನಿಚಕ್ರ. ನನ್ನ ಸ್ವಂತ ಕಲ್ಪನೆ.”

ಹೂ ಮುಡಿದುಕೊಂಡಿದ್ದ ಒಬ್ಬ ಹೆಂಗಸು ಹತ್ತಿರ ಬಂದು ನೋಡಿ, “ಚಂದ್ರಂಕಿ ಅಲ್ವೇನಪ್ಪಾ ಇದು?” ಅಂದಳು.

“ಅಲ್ಲಮ್ಮಾ. ನಕ್ಷತ್ರಕ್ಕೆ ಹೋಗೋ ನೌಕೆದು.”

“ಅಯ್ಯೋ, ನಮ್ಮನೇಲೂ ಐತೆ. ಹುಳ ಬಿಡ್ತೀವಿ. ಇದು ಗೂಡು, ಅದು ಚಂದ್ರಂಕಿ. ಯಾರೋ ನಮ್ಮ ಕಡೆಯೋರೇ ಮಾಡವ್ರೆ.”

ಜನ ನಕ್ಕರು. ಯಜಮಾನರೂ ನಕ್ಕರು, ಹಳ್ಳಿಯವಳಿಗೆ ಏನು ತಿಳಿಯುತ್ತೆ ಅನ್ನುವ ಹಾಗೆ. ಆ ಹೆಂಗಸಿನ ಕಾಲಿಗೆ ಬೀಳಬೇಕು ಅನ್ನಿಸಿತು. ಬೀಳಲಿಲ್ಲ. ನನ್ನ ಕೆಲಸ ಇನ್ನೂ ಬಾಕಿ ಇತ್ತು.

ಗಣೇಶನನ್ನು ಬಿಡುವ ದಿನ ಮೆರವಣಿಗೆಯಲ್ಲಿ ಕಂದವಾರದ ಕೆರೆಗೆ ಬಂದೆವು. ಇನ್ನೂ ಬಿಸಿಲಿತ್ತು. ಕೆರೆ ತುಂಬಿತ್ತು. ದಡದಲ್ಲಿ ಮಂಗಳಾರತಿ ಆಯಿತು. ಯಜಮಾನರು ಪಂಚೆ ಎತ್ತಿ ಕಟ್ಟಿಕೊಂಡು ಮುಂದೆ ಬಂದರು.

“ಮೂರ್ತಿ ಮಾತ್ರ ನಿಧಾನಕ್ಕೆ ಎತ್ಕೊಳ್ರಪ್ಪ. ನೌಕೆ ಇಲ್ಲೇ ಇರ್ಲಿ, ಗೌರಿಬಿದನೂರಿಗೆ ಹೋಗ್ಬೇಕು.”

ನಾಲ್ಕು ಹುಡುಗರು ಕೈ ಹಾಕಿ ಎತ್ತಿದರು. ಮೂರ್ತಿಯ ಜೊತೆ ಹಡಗೂ ಎದ್ದಿತು. ಇಳಿಸಿ, ಹಡಗನ್ನು ಇಬ್ಬರು ಅದುಮಿ ಹಿಡಿದುಕೊಂಡರು, ಮತ್ತಿಬ್ಬರು ಮೂರ್ತಿ ಎಳೆದರು. ಪೀಠದಲ್ಲಿ ಚಟ್ ಅಂತ ಸದ್ದಾಯಿತು.

“ಬಿಡ್ರೋ! ಬಿರುಕು ಬಿಡ್ತದೆ!” ಅಂತ ಬೀದಿಯ ಹಿರಿಯರು ಕೂಗಿದರು. ಬೀದಿಯಲ್ಲಿ ಪೂಜೆ, ಪ್ರಸಾದ ಎಲ್ಲ ಅವರ ಮಾತಿನಂತೆಯೇ. ಅವರು ಕುಂಬಾರ ತಾತನನ್ನು ಮುಂದೆ ಕರೆದರು.

ತಾತ ಪೀಠ ಮುಟ್ಟಿ ನೋಡಿ, “ರಾದು ಸಾಮಿ, ಬರಲ್ಲ. ಮಣ್ಣು ತಗಡು ಒಂದೇ ಆಗೋಗೈತೆ. ಒಡೆದ್ರೆ ಬರ್ತದೆ,” ಅಂದ.

“ಸ್ವಲ್ಪ ಒಡೀರಿ ಮತ್ತೆ,” ಅಂದರು ಯಜಮಾನರು. “ಹೆಂಗಿದ್ರೂ ನೀರಿಗೆ ತಾನೇ ಹೋಗೋದು?”

ಆ ಮಾತು ಆಡಬಾರದಾಗಿತ್ತು.

“ಏನ್ರೀ ಮಾತಾಡ್ತೀರಿ?” ಅಂದರು ಹಿರಿಯರು. “ಇಷ್ಟು ದಿನ ಪೂಜೆ ಮಾಡಿದ ಮೂರ್ತಿನ ಕೈಯಾರೆ ಭಿನ್ನ ಮಾಡಿ ಬಿಡೋದಾ? ನೀವು ಒಡೀತೀರಾ? ತಗೊಳ್ಳಿ, ಒಡೀರಿ ನೋಡಣ.”

ಯಜಮಾನರು ಕೈ ಹಿಂದಕ್ಕೆ ತೆಗೆದುಕೊಂಡರು. ಆಮೇಲೆ ಇನ್ನೊಂದು ದಾರಿ ಹುಡುಕಿದರು.

“ಸರಿ, ಹಗ್ಗ ಕಟ್ಟಿ ಬಿಡಣ. ಮಣ್ಣು ಕರಗಿದ ಮೇಲೆ ನೌಕೆ ಎಳ್ಕೊತೀನಿ.”

“ದೇವರಿಗೆ ಹಗ್ಗ ಕಟ್ತಾರಂತೆ ಕಣ್ರೇ!” ಅಂದಳು ಆರತಿ ತಟ್ಟೆ ಹಿಡಿದಿದ್ದ ಮುದುಕಿ. “ಹಸೂನೇನಪ್ಪಾ ಅದು, ಮೇಯಿಸ್ಕೊಂಡು ಬರೋಕೆ?”

ಹೆಂಗಸರೆಲ್ಲ ನಕ್ಕರು. ಯಜಮಾನರ ಕಿವಿ ಕೆಂಪಾಯಿತು.

ಹಿರಿಯರು ಅವರ ಭುಜದ ಮೇಲೆ ಕೈಯಿಟ್ಟು, “ಗಂಗಮ್ಮಂಗೆ ಕೊಟ್ಟಿದ್ದನ್ನ ಈಚೆ ಎಳೀತಾರೇನ್ರೀ?” ಅಂದರು. “ಹೋಗ್ಲಿ ಬಿಡಿ. ನಿಮ್ಮದೇ ಕಲ್ಪನೆ, ನಿಮ್ಮದೇ ನೌಕೆ. ಪುಣ್ಯಾನೂ ನಿಮ್ಗೇ.”

ಎಲ್ಲರೂ ಜೈಕಾರ ಹಾಕಿದರು.

ಬಾಳೆದಿಂಡಿನ ತೆಪ್ಪದ ಮೇಲೆ ಹಡಗನ್ನು ಇಟ್ಟು ಈಜು ಬಲ್ಲವರು ತಳ್ಳಿಕೊಂಡು ಹೊರಟರು. ನಾನೂ ಇಳಿದೆ. ತೂಬಿನ ಹತ್ತಿರ ಆಳ ಜಾಸ್ತಿ, ಕೆಳಗೆ ಬರೀ ಹೂಳು. ಅಲ್ಲಿಗೇ ತಳ್ಳಿಸಿದೆ. ದಡದಿಂದ ಯಜಮಾನರ ಕೂಗು ಕೇಳಿಸಿತು.

“ದಡದ ಹತ್ರಾನೇ ಬಿಡ್ರಯ್ಯಾ! ನನ್ನ ಹಡಗು!”

ನಾನು ತಿರುಗಿ, “ನಿಮ್ಮದೇ ಸ್ವಾಮಿ! ಬನ್ನಿ, ಹತ್ಕೊಳ್ಳಿ!” ಅಂತ ಕೂಗಿದೆ.

ಕೂಗಿದವನು ಯಾರು ಅಂತ ಅವರು ಕಣ್ಣಿಗೆ ಕೈ ಅಡ್ಡ ಇಟ್ಟು ನೋಡಿದರು. ನಾನು ಮುಖ ಮರೆಸಿಕೊಳ್ಳಲಿಲ್ಲ. ಅವರ ಕೈ ನಿಧಾನವಾಗಿ ಕೆಳಗೆ ಇಳಿಯಿತು. ಆಗ ಅವರಿಗೆ ಗೊತ್ತಾಯಿತು.

ತೆಪ್ಪ ವಾಲಿಸಿದೆವು. ಮೂತಿ ಮೊದಲು ಹೋಯಿತು. ಬಾಲದ ಸುತ್ತುಗಳಲ್ಲಿ ನೀರು ತಿರುಗುತ್ತಾ ಒಳಗೆ ಇಳಿಯಿತು. ಬೇಸಿಗೆಯೆಲ್ಲ ಕುಟ್ಟಿದ್ದೆನಲ್ಲ, ಬಾಲದ ಅಂಚು ಬಿಡುವುದಕ್ಕೆ ಮನಸ್ಸು ಬರಲಿಲ್ಲ. ದಡದ ಮೇಲಿದ್ದ ಯಜಮಾನರ ಮುಖ ಇನ್ನೊಂದು ಸಲ ನೋಡಿದೆ. ಸರಿಹೋಯಿತು.

ದೇವರನ್ನು ನಿನ್ನ ಜಗಳಕ್ಕೆ ಎಳೆದೆ ಅಂತ ನಮ್ಮಮ್ಮ ಬಹಳ ದಿನ ಬೈದಳು. ದೇವರಿಗೆ ನಾನೇನು ಕಮ್ಮಿ ಮಾಡಿದೆ? ಮಣ್ಣು ಕೆರೆಗೆ ಹೋಗಬೇಕಾಗಿತ್ತು, ಹೋಯಿತು. ಹೋಗುವಾಗ ಒಳ್ಳೇ ಗಾಡಿಯಲ್ಲಿ ಹೋಯಿತು.

ನಾಟಕಕ್ಕೆ ಗೌರಿಬಿದನೂರಿಗೆ ಹೋಗಿ, ಟಿಕೆಟ್ಟು ತೆಗೆದುಕೊಂಡೇ ಮುಂದೆ ಕೂತೆ. ಬಿದಿರಿಗೆ ಬಣ್ಣದ ಕಾಗದ ಅಂಟಿಸಿ ಏನೋ ಒಂದನ್ನು ಮಾಡಿ ಹಗ್ಗದಲ್ಲಿ ಇಳಿಬಿಟ್ಟರು. ಅರ್ಧ ದಾರಿಯಲ್ಲಿ ಅದು ವಾಲಿ ನಿಂತುಬಿಟ್ಟಿತು. ಒಳಗಿದ್ದವನ ಕಾಲು ಕಾಗದ ಹರಿದು ಈಚೆ ಬಂತು.

“ಎಲ್ರೀ ಹ್ಯಾಂಡ್‌ಬಿಲ್ಲಲ್ಲಿದ್ದ ಹಡಗು?” ಅಂತ ಮಂಚೇನಹಳ್ಳಿಯ ಕಡೆಯವನೊಬ್ಬ ಎದ್ದು ಕೇಳಿದ.

“ಕೆರೇಲೈತೆ!” ಅಂದೆ ನಾನು.

ಆಮೇಲೆ ಯಾರಿಗೂ ನಾಟಕದ ಮಾತು ಕೇಳಿಸಲಿಲ್ಲ. ಜನ ಎಲ್ಲದಕ್ಕೂ ಅದನ್ನೇ ಕೂಗಿದರು. ರಾಜ ಎಲ್ಲಿ ಅಂದರೆ ಕೆರೇಲೈತೆ. ಮಂತ್ರಿ ಎಲ್ಲಿ ಅಂದರೆ ಕೆರೇಲೈತೆ.

ಸ್ವಲ್ಪ ದಿನ ಬಿಟ್ಟು ಯಜಮಾನರು ಅಂಗಡಿಗೆ ಬಂದರು. ಕೋಟು ಇರಲಿಲ್ಲ. ಮಾವ ಸ್ಟೂಲು ಹಾಕಿದ. ಅವರು ಕೂರಲಿಲ್ಲ.

“ಇನ್ನೊಂದು ಮಾಡಿಕೊಡಪ್ಪ,” ಅಂದರು. “ನೀನೇ ಮಾಡಿದ್ದು ಅಂತ ಹಾಕ್ತೀನಿ. ಹೆಸರು ಸಮೇತ.”

ನಾನು ಕೇಳಿದ್ದದ್ದು ಒಂದು ಲೈನು. ಈಗ ಅದಕ್ಕಿಂತ ಜಾಸ್ತಿಯೇ ಸಿಗುತ್ತಿತ್ತು.

“ಆಗಲ್ಲ,” ಅಂದೆ.

“ಯಾಕಯ್ಯಾ? ಇದೇ ತಾನೆ ನಿನಗೆ ಬೇಕಾಗಿದ್ದು?”

“ಆವತ್ತು ಬೇಕಾಗಿತ್ತು. ಇವತ್ತು ನೀವು ಬೇಡಿಕೊಳ್ಳೋದು ನೋಡಬೇಕಾಗಿತ್ತು. ನೋಡ್ದೆ. ಹೋಗಿ.”

ಮಾವ ಸುತ್ತಿಗೆ ಎತ್ತಿಕೊಂಡು ಬಂದ. ಯಜಮಾನರ ಕಾಲಿಗೆ ಬೀಳು, ಇಲ್ಲದಿದ್ದರೆ ಅಂಗಡಿಯಿಂದ ಆಚೆ ನಡಿ ಅಂದ. ಕತ್ತರಿ ಮಾತ್ರ ನನ್ನದು. ಅದನ್ನು ತೆಗೆದುಕೊಂಡು ಹೊರಟೆ. ಈಗ ಚಿಂತಾಮಣಿಯಲ್ಲಿ ಇನ್ನೊಬ್ಬರ ಅಂಗಡಿಯಲ್ಲಿದ್ದೇನೆ. ಮುರುಗಮಲ್ಲದ ದರ್ಗಾಕ್ಕೆ ಹೋಗುವವರು ತಗಡಿನ ದೀಪ ಕೊಳ್ಳುತ್ತಾರೆ. ಕೆಲಸಕ್ಕೆ ಕಮ್ಮಿಯಿಲ್ಲ.

ಮೊನ್ನೆ ಸ್ನೇಹಿತ ಬಂದಿದ್ದ. ಯಜಮಾನರ ಹೊಸ ಪುಸ್ತಕ ತಂದು ಓದಿದ. ಅದರಲ್ಲಿ ಆ ಹಡಗು ನೀರೇ ತುಂಬಿರುವ ಒಂದು ನಕ್ಷತ್ರಕ್ಕೆ ಹೋಗುತ್ತೆ. ಅಲ್ಲಿ ಒಂದು ಕೆರೆ. ಹಡಗಿನೊಳಗೆ ಗುಟ್ಟಾಗಿ ಕೊಕ್ಕೆಗಳನ್ನು ಬೆಸೆದ ಒಬ್ಬ ದ್ರೋಹಿ; ಕೊಕ್ಕೆಯ ವಿಷಯ ಕುಂಬಾರ ತಾತನೇ ಹೇಳಿರಬೇಕು. ಹಡಗು ಮೂತಿ ಮೊದಲಾಗಿ ಮುಳುಗುತ್ತೆ. ಬಾಲದ ಸುತ್ತಿನಲ್ಲಿ ನೀರು ತಿರುಗುತ್ತೆ. ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ, ಇದು ಗ್ರಂಥಕರ್ತರ ಸ್ವಂತ ಕಲ್ಪನೆ ಅಂತ.

ಅದನ್ನೂ ತಗೊಂಡಿದ್ದಾರೆ. ಅದಕ್ಕೇ ನಾನು ಕೂತು ಹೇಳಿ, ಸ್ನೇಹಿತನ ಕೈಯಲ್ಲಿ ಇದನ್ನು ಬರೆಸಿದ್ದು. ಆ ಕೆರೆ ಯಾವ ನಕ್ಷತ್ರದಲ್ಲೂ ಇಲ್ಲ, ಚಿಕ್ಕಬಳ್ಳಾಪುರದಲ್ಲಿದೆ. ಮಾಡಿದವನೂ ನಾನೇ, ಮುಳುಗಿಸಿದವನೂ ನಾನೇ. ಇನ್ನು ಹೇಳುವುದಕ್ಕೆ ನನ್ನ ಹತ್ತಿರ ಏನೂ ಇಲ್ಲ.